ಮಾಡ್ಯುಲರ್ ಸಿಂಥ್‌ಗೆ ಯಾವ ಡಿಲೇ, ಯಾವ ರಿವರ್ಬ್? ಕೊಳ್ಳುವ ಮುನ್ನ ಒಂದು ಹೋಲಿಕೆ

ಒಳ್ಳೆಯದೊಂದು ಹಾಲ್ ರಿವರ್ಬ್ (ದೊಡ್ಡ ಸಭಾಂಗಣದ ಮೊರೆತ) ಬೇಕು ಎಂಬ ಒಂದೇ ಕಾರಣಕ್ಕೆ ಯೂರೋರ‍್ಯಾಕ್ ಮಾಡ್ಯೂಲ್ (ಕೇಬಲ್‌ಗಳಿಂದ ಜೋಡಿಸಿಕೊಳ್ಳುವ ಎಲೆಕ್ಟ್ರಾನಿಕ್ ವಾದ್ಯದ, ಅಂದರೆ ಮಾಡ್ಯುಲರ್ ಸಿಂಥ್‌ನ, ಒಂದು ಬಿಡಿ ಘಟಕ) ಕೊಳ್ಳಲು ಹೊರಟಿದ್ದರೆ ದುಡ್ಡನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಆ ಕೆಲಸವನ್ನು ಕಂಪ್ಯೂಟರಿನ ಪ್ಲಗಿನ್ ಅಥವಾ ಗಿಟಾರ್ ಪೆಡಲ್ ಕಡಿಮೆ ಖರ್ಚಿನಲ್ಲಿ, ಬಹಳ ಸಲ ಇನ್ನೂ ಚೆನ್ನಾಗಿ ಮಾಡುತ್ತದೆ. ಮಾಡ್ಯೂಲಿಗೆ ಕೊಟ್ಟ ಬೆಲೆಗೆ ಸಿಗಬೇಕಾದದ್ದು ಬೇರೆಯೇ ಇದೆ: ಡಿಲೇಯ ಕಾಲ, ಫೀಡ್‌ಬ್ಯಾಕ್‌ನ ಪ್ರಮಾಣ, ಕೋಣೆಯ ಗಾತ್ರ ಇವನ್ನೆಲ್ಲ ವೋಲ್ಟೇಜಿನಿಂದ ಕುಣಿಸುವ ಅವಕಾಶ; ಹೊರಬಂದ ಧ್ವನಿ ಮತ್ತೆ ಒಳಗೆ ಹೋಗುವ ಈ ಫೀಡ್‌ಬ್ಯಾಕ್ ದಾರಿಯಲ್ಲಿ ನಮಗೆ ಬೇಕಾದ್ದನ್ನು ಕೂರಿಸುವ ಅವಕಾಶ. ಹಾಗಾಗಿ ಇಲ್ಲಿ ‘ಯಾವುದರ ನಾದ ಇಂಪು’ ಎಂಬ ಪ್ರಶ್ನೆಗೆ ಎರಡನೆಯ ಸ್ಥಾನ. ಮುಂಫಲಕದಲ್ಲಿ ಕೇಬಲ್ ಚುಚ್ಚುವ ಯಾವ ಯಾವ ಜ್ಯಾಕ್‌ಗಳಿವೆ ಎಂಬುದನ್ನು ಮೊದಲು ನೋಡಬೇಕು.

ಡಿಲೇ ಮತ್ತು ರಿವರ್ಬ್ ನಡುವಿನ ಗೆರೆ ನಾವು ಅಂದುಕೊಂಡಷ್ಟು ದಪ್ಪವಾಗಿಲ್ಲ. ವಿಜಯಪುರದ ಗೋಲ್ ಗುಂಬಜ್‌ನ ಗ್ಯಾಲರಿಯಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರೆ ಸದ್ದು ಬಿಡಿಬಿಡಿಯಾಗಿ, ಎಣಿಸಬಹುದಾದಂತೆ ಮರಳುತ್ತದೆ. ಶಾಲಾ ಪ್ರವಾಸದ ಮಕ್ಕಳೆಲ್ಲ ಒಟ್ಟಿಗೆ ಕೂಗಿದರೆ ಅದೇ ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು ಬರೀ ಮೊರೆತವಾಗುತ್ತದೆ. ಮೊದಲನೆಯದು ಡಿಲೇ, ಎರಡನೆಯದು ರಿವರ್ಬ್. 1960ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಮಾನ್‌ಫ್ರೆಡ್ ಶ್ರೋಡರ್ ಕಂಪ್ಯೂಟರಿನಲ್ಲಿ ರಿವರ್ಬ್ ಕಟ್ಟಿದ್ದೂ ಹೀಗೆಯೇ. ಬೇರೆ ಬೇರೆ ಉದ್ದದ ಕೆಲವೇ ಡಿಲೇಗಳು, ಅವುಗಳಿಗೆ ಫೀಡ್‌ಬ್ಯಾಕ್, ಅಷ್ಟೇ. ಮೇಕ್ ನಾಯ್ಸ್ ಕಂಪನಿಯ ಮಿಮಿಯೋಫೋನ್‌ನಲ್ಲಿ ‘ಹೇಲೋ’ ಎಂಬ ಒಂದು ನಾಬನ್ನು ತಿರುಗಿಸುತ್ತ ಹೋದರೆ ಈ ಗೆರೆ ಅಳಿಸಿಹೋಗುವುದನ್ನು ಕಿವಿಯಾರೆ ಕೇಳಬಹುದು. ಎರಡರಲ್ಲಿ ಒಂದನ್ನೇ ಕೊಳ್ಳಬೇಕೆಂದರೆ ನಾನು ಡಿಲೇ ಎನ್ನುತ್ತೇನೆ. ಡಿಲೇಯಿಂದ ರಿವರ್ಬ್‌ನ ಹತ್ತಿರ ಹೋಗಬಹುದು. ಹಿಂದಿರುಗುವ ದಾರಿ ಅಷ್ಟು ಸುಲಭವಲ್ಲ.

ಅನಲಾಗ್ ಡಿಲೇ: ಹೆಚ್ಚು ಉದ್ದವಿದ್ದರೆ ಹೆಚ್ಚು ಒಳ್ಳೆಯದೇ?

ಬಕೆಟ್ ಬ್ರಿಗೇಡ್ ಎಂಬ ಚಿಪ್ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಹುಟ್ಟಿದ್ದು 1969ರಲ್ಲಿ. ಸಾಲಾಗಿ ಜೋಡಿಸಿದ ಕೆಪಾಸಿಟರ್‌ಗಳು, ಕ್ಲಾಕ್ (ಒಂದೇ ಸಮನೆ ಬಡಿಯುವ ವಿದ್ಯುತ್ ಸಂಕೇತ) ಮಿಡಿದಂತೆಲ್ಲ ಒಂದರ ಚಾರ್ಜ್ ಮುಂದಿನದಕ್ಕೆ ದಾಟುತ್ತದೆ. ಹಂತಗಳ ಸಂಖ್ಯೆಯನ್ನು ಕ್ಲಾಕ್‌ನ ಎರಡರಷ್ಟರಿಂದ ಭಾಗಿಸಿದರೆ ಡಿಲೇಯ ಕಾಲ ಸಿಗುತ್ತದೆ. 4096 ಹಂತಗಳ ಚಿಪ್‌ಗೆ 10 ಕಿಲೋಹರ್ಟ್ಸ್ ಕ್ಲಾಕ್ ಕೊಟ್ಟರೆ ಸುಮಾರು 205 ಮಿಲಿಸೆಕೆಂಡ್. ಇಷ್ಟು ನಿಧಾನದ ಕ್ಲಾಕ್ ಸಿಳ್ಳೆಯಾಗಿ ಕಿವಿಗೆ ಬೀಳುತ್ತದೆ, ಆದ್ದರಿಂದ ಚಿಪ್‌ನ ನಂತರ ಲೋಪಾಸ್ ಫಿಲ್ಟರ್ (ಮೇಲಿನ ಕಂಪನಾಂಕಗಳನ್ನು ತಡೆಯುವ ಜಾಲರಿ) ಬೇಕೇ ಬೇಕು. ಪೆಡಲ್ ತಯಾರಕರು ಅದನ್ನು ಒಳಗೇ ಇಟ್ಟು ಮುಚ್ಚುತ್ತಾರೆ. ಡೋಪ್ಫರ್‌ನ ಎ-188-1 ಮಾಡ್ಯೂಲ್‌ನಲ್ಲಿ ಫಿಲ್ಟರ್ ಇಲ್ಲ, ಬೇಕೆಂದೇ ಬಿಟ್ಟಿದ್ದಾರೆ. ನಿಮ್ಮ ಬಳಿಯಿರುವ ಫಿಲ್ಟರನ್ನೇ ಹಾಕಿಕೊಳ್ಳಿ, ಬೇಡವಾದರೆ ಸಿಳ್ಳೆಯನ್ನೂ ಸಂಗೀತಕ್ಕೆ ಸೇರಿಸಿಕೊಳ್ಳಿ ಎಂಬ ಧೋರಣೆ. ಕೆಲವರಿಗೆ ಇದು ಅರೆಬರೆ ಕೆಲಸದಂತೆ ಕಾಣುತ್ತದೆ. ನನಗೆ ಮಾಡ್ಯುಲರ್ ಎಂದರೆ ಇದೇ.

ಈ ಎ-188-1 ಬೇರೆ ಬೇರೆ ಹಂತಗಳ ಚಿಪ್‌ಗಳೊಂದಿಗೆ, 128ರಿಂದ 4096ರವರೆಗೆ, ಹಲವು ಆವೃತ್ತಿಗಳಲ್ಲಿ ಬಂದಿದೆ. ಹೊಸಬರ ಕೈ ನೇರವಾಗಿ ದೊಡ್ಡ ಸಂಖ್ಯೆಗೆ ಹೋಗುತ್ತದೆ. ಪ್ರತಿಧ್ವನಿ ಮಾತ್ರ ಬೇಕಿದ್ದರೆ ಅದು ಸರಿ. ಆದರೆ ಮಾಡ್ಯುಲರ್‌ನಲ್ಲಿ ಡಿಲೇಯ ಅತ್ಯಂತ ಸೊಗಸಾದ ಉಪಯೋಗ ತಂತಿಯಾಗುವುದು, ಅದಕ್ಕೆ ದೊಡ್ಡ ಚಿಪ್ ಕೆಲಸಕ್ಕೆ ಬಾರದು. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಅತಿ ಚಿಕ್ಕ ಡಿಲೇಗೆ ಫೀಡ್‌ಬ್ಯಾಕ್ ಏರಿಸಿ, ಒಳಗೆ ಒಂದು ಕ್ಷಣದ ಗೊರಗೊರ ಸದ್ದು ಅಥವಾ ಬರೀ ಟ್ರಿಗರ್ (ಒಂದು ಚಿಕ್ಕ ವೋಲ್ಟೇಜ್ ಮಿಡಿತ) ಕಳಿಸಿ. ಆ ಸದ್ದು ಸುತ್ತು ಹೊಡೆಯುತ್ತ ಮೀಟಿದ ತಂತಿಯಂತೆ ಮೊಳಗಿ ನಿಧಾನಕ್ಕೆ ಅಡಗುತ್ತದೆ. ಶ್ರುತಿಯನ್ನು ನಿರ್ಧರಿಸುವುದು ಡಿಲೇಯ ಕಾಲ: 1 ಮಿಲಿಸೆಕೆಂಡಿಗೆ 1000 ಹರ್ಟ್ಸ್, 2.27ಕ್ಕೆ 440 ಹರ್ಟ್ಸ್. ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ 1983ರಲ್ಲಿ ಈ ವಿಧಾನವನ್ನು ಪ್ರಕಟಿಸಿದ್ದರಿಂದ ಅವರ ಹೆಸರೇ ನಿಂತಿದೆ. ಈಗ ಲೆಕ್ಕ ನೋಡಿ. ಕ್ಲಾಕನ್ನು 100 ಕಿಲೋಹರ್ಟ್ಸ್‌ಗೆ ಏರಿಸಿದರೂ 4096 ಹಂತಗಳಿಂದ ಸಿಗುವುದು 20.5 ಮಿಲಿಸೆಕೆಂಡ್, ಅಂದರೆ 49 ಹರ್ಟ್ಸ್. ಅದು ತಂತಿಯಲ್ಲ, ಗೊರಕೆ. 1024ರಲ್ಲಿ 195 ಹರ್ಟ್ಸ್‌ವರೆಗೆ ಹೋಗಬಹುದು. 128 ಹಂತಗಳಲ್ಲಾದರೆ ಸಾವಿರದೈನೂರು ಹರ್ಟ್ಸ್ ದಾಟುತ್ತದೆ, ಕ್ಲಾಕ್ ಇಳಿಸಿದರೆ ಮಂದ್ರಕ್ಕೂ ಬರುತ್ತದೆ. ಪ್ರತಿಧ್ವನಿಗೆ ದೊಡ್ಡದು, ತಂತಿಗೆ ಚಿಕ್ಕದು ಎಂದು ನೆನಪಿಟ್ಟುಕೊಂಡರೆ ಸಾಕು.

ನಮ್ಮವರ ಕೈಗೆ ಈ ತಂತ್ರ ಸಿಕ್ಕರೆ ಮೊದಲು ಹೋಗುವ ಕಡೆ ತಂಬೂರಿ. ಆಧಾರ ಷಡ್ಜವನ್ನು 131 ಹರ್ಟ್ಸ್ ಎಂದು ಇಟ್ಟುಕೊಂಡರೆ ಪಂಚಮದ ತಂತಿಗೆ 10.2 ಮಿಲಿಸೆಕೆಂಡ್, ಸಾರಣಿಗೂ ಅನುಸಾರಣಿಗೂ 7.6, ಮಂದ್ರಕ್ಕೆ 15.3. ಸರದಿಯಂತೆ ವೋಲ್ಟೇಜ್ ಕೊಡುವ ಸೀಕ್ವೆನ್ಸರ್ ಮಾಡ್ಯೂಲ್‌ನಿಂದ ನಾಲ್ಕು ವೋಲ್ಟೇಜ್ ಕಳಿಸಿ ಒಂದೇ ಡಿಲೇಯನ್ನು ನಾಲ್ಕು ತಂತಿಯಾಗಿಸಬಹುದು ಎಂದು ಅನ್ನಿಸುತ್ತದೆ. ಆಗುವುದಿಲ್ಲ. ಕಾಲ ಬದಲಾದ ಕೂಡಲೇ ಒಳಗೆ ಇನ್ನೂ ಮೊಳಗುತ್ತಿರುವ ಹಿಂದಿನ ಸ್ವರವೂ ಜಾರಿಕೊಂಡು ಹೊಸ ಶ್ರುತಿಗೆ ಬಂದುಬಿಡುತ್ತದೆ. ಕೇಳಲು ಚೆಂದದ ಜಾರು, ಆದರೆ ತಂಬೂರಿಯಲ್ಲ. ತಂಬೂರಿಗೆ ನಾಲ್ಕು ಬೇರೆ ಬೇರೆ ಡಿಲೇಗಳೇ ಬೇಕು. ಷಡ್ಜದ ಎರಡು ತಂತಿಗಳನ್ನು ಒಂದಕ್ಕೆ ವಹಿಸಿದರೆ ಮೂರು. ಕುದುರೆಯ ಮೇಲೆ ನೂಲಿನ ಎಳೆ ಸಿಕ್ಕಿಸಿದಾಗ ಬರುವ ಝೇಂಕಾರ ಬೇಕಿದ್ದರೆ ಫೀಡ್‌ಬ್ಯಾಕ್ ದಾರಿಯಲ್ಲಿ ತುಸುವೇ ಡಿಸ್ಟಾರ್ಷನ್ ಇಡಿ. ಇನ್ನೊಂದು ಎಚ್ಚರಿಕೆ: ಆ ದಾರಿಯಲ್ಲಿ ಇಟ್ಟ ಯಾವುದೇ ಫಿಲ್ಟರ್ ತನ್ನ ಪಾಲಿನ ಸಣ್ಣ ವಿಳಂಬವನ್ನು ಸೇರಿಸುತ್ತದೆ. ಮೇಲಿನ ಸ್ಥಾಯಿಗೆ ಹೋದಂತೆ ಶ್ರುತಿ ಇಳಿಯುವುದು ಇದರಿಂದಲೇ. ಮಾಡ್ಯೂಲ್ ಕೆಟ್ಟಿದೆ ಎಂದು ಮಾರಿದವರೊಂದಿಗೆ ಜಗಳಕ್ಕೆ ಹೋಗಬೇಡಿ.

ಸ್ವತಃ ಬೆಸುಗೆ ಹಾಕುವವರಿಗೆ ಇನ್ನೊಂದು ಆಯ್ಕೆ ಪಿಟಿ2399. ಕರೋಕೆ ಯಂತ್ರಗಳ ಎಕೋಗಾಗಿ ಹೆಸರಾದ ಈ ಅಗ್ಗದ ಚಿಪ್ ಒಳಗೆ ಡಿಜಿಟಲ್, ಕೇಳಲು ಹಳೆಯ ಅನಲಾಗ್‌ನಂತೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಬಿಡಿಭಾಗ ಹುಡುಕಿ ಅಭ್ಯಾಸವಿರುವವರಿಗೆ ಇದು ದೊಡ್ಡ ವಿಷಯವೇನಲ್ಲ. ಆರನೆಯ ಪಿನ್‌ಗೆ ಸೇರಿಸಿದ ರೆಸಿಸ್ಟರ್ ಡಿಲೇಯ ಕಾಲವನ್ನು ನಿರ್ಧರಿಸುತ್ತದೆ. ತಯಾರಕರು ಕೊಟ್ಟ ಪಟ್ಟಿಯಂತೆ ಸುಮಾರು 31ರಿಂದ 342 ಮಿಲಿಸೆಕೆಂಡ್. ಅದಕ್ಕಿಂತ ಎಳೆದರೆ ಕೆಲಸ ಮಾಡುತ್ತದೆ, ಆದರೆ ಗೊರಗೊರ ಸದ್ದು ಹೆಚ್ಚುತ್ತದೆ. ಡಬ್ (ಜಮೈಕಾದ ರೆಗೆಯಿಂದ ಹುಟ್ಟಿದ ಶೈಲಿ) ಬಗೆಯ ಕೊಳಕು ಪ್ರತಿಧ್ವನಿಗೆ ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ. ಕನಿಷ್ಠ ಕಾಲವೇ 31 ಮಿಲಿಸೆಕೆಂಡ್ ಆದ್ದರಿಂದ ತಂತಿಯಾಗಲಿ ಫ್ಲ್ಯಾಂಜರ್ (ಅತಿ ಚಿಕ್ಕ ಡಿಲೇಯಿಂದ ಬರುವ ಸುಯ್ಯೆನ್ನುವ ಪರಿಣಾಮ) ಆಗಲಿ ಸಾಧ್ಯವಿಲ್ಲ. ಚಿಪ್ ನಡೆಯುವುದು 5 ವೋಲ್ಟ್‌ನಲ್ಲಿ, ಯೂರೋರ‍್ಯಾಕ್‌ನ ಪವರ್ ±12 ವೋಲ್ಟ್. ರೆಗ್ಯುಲೇಟರ್ ಹಾಕದೆ, ಒಳಬರುವ ಸಿಗ್ನಲ್ಲನ್ನು ತಗ್ಗಿಸದೆ ಜೋಡಿಸಿದರೆ ಹೊಗೆಯೇ ಗತಿ.

ಡಿಜಿಟಲ್ ಡಿಲೇ: ಕಾಲ ಬದಲಿಸಿದಾಗ ಏನಾಗುತ್ತದೆ?

ಡಿಜಿಟಲ್ ಡಿಲೇಗಳನ್ನು ಹೋಲಿಸುವಾಗ ಅಂಗಡಿಯ ವಿವರಣೆಯಲ್ಲಿ ಸಿಗದ ಒಂದು ಪ್ರಶ್ನೆ ಕೇಳಬೇಕು. ಕಾಲವನ್ನು ಬದಲಿಸಿದಾಗ ಒಳಗಿನ ಧ್ವನಿಯ ಶ್ರುತಿ ಜಾರುತ್ತದೆಯೋ ಅಥವಾ ಸದ್ದಿಲ್ಲದೆ ಹೊಸ ಜಾಗಕ್ಕೆ ನೆಗೆಯುತ್ತದೆಯೋ? ಟೇಪ್ ಯಂತ್ರಗಳನ್ನು ಅನುಕರಿಸುವ ಮಾಡ್ಯೂಲ್‌ಗಳು ಜಾರುತ್ತವೆ. ಸ್ಟ್ರೈಮನ್‌ನ ಮ್ಯಾಗ್ನೆಟೋ ನಾಲ್ಕು ಹೆಡ್‌ಗಳ ಟೇಪ್ ಡಿಲೇಯ ಮಾದರಿಯದು, 2018ರಲ್ಲಿ ಬಂದದ್ದು. 4ಎಂಎಸ್ ಕಂಪನಿಯ ಡಿಎಲ್‌ಡಿ ಸ್ವಭಾವತಃ ನಿರ್ಮಲ, ಶ್ರುತಿ ಜಾರಿಸದೆ ನೆಗೆಯುತ್ತದೆ. ಕ್ಲಾಕ್ ಹಿಡಿದು ಬೀಟ್‌ಗಳನ್ನು ಎಣಿಸುತ್ತದೆ, ಸುಮಾರು ಮೂರು ನಿಮಿಷದವರೆಗೆ ನೆನಪಿಟ್ಟುಕೊಳ್ಳುತ್ತದೆ. ಮೊದಲ ಬಗೆ ಧ್ವನಿಯೊಂದಿಗೆ ಆಡುವವರಿಗೆ, ಎರಡನೆಯದು ಲಯದೊಂದಿಗೆ ಆಡುವವರಿಗೆ.

ಲಯದ ಆಟದಲ್ಲಿ ಎಲ್ಲರೂ ಮಾಡುವುದು ಮುಕ್ಕಾಲು ಬೀಟ್‌ನ ಡಿಲೇ. ನಿಮಿಷಕ್ಕೆ 120 ಬೀಟ್ ಇದ್ದರೆ 375 ಮಿಲಿಸೆಕೆಂಡ್. ಪಾಶ್ಚಾತ್ಯ ಪಾಪ್ ಸಂಗೀತದಲ್ಲಿ ಕೇಳಿ ಕೇಳಿ ಸವೆದ ಹಾದಿ ಅದು. ತಾಳದ ಲೆಕ್ಕ ಬಲ್ಲವರಿಗೆ ಇದಕ್ಕಿಂತ ರುಚಿಯಾದ ಆಯ್ಕೆಗಳಿವೆ. ಸೀಕ್ವೆನ್ಸರ್‌ನಲ್ಲಿ ಎಂಟು ಅಕ್ಷರಗಳ ಒಂದು ಆವರ್ತನ ನಡೆಯುತ್ತಿರಲಿ, ಡಿಲೇಯನ್ನು ಏಳು ಅಕ್ಷರಕ್ಕೆ ಇಡಿ. ಪ್ರತಿ ಸಲ ಮರಳುವ ಪದಗುಚ್ಛ ಒಂದು ಅಕ್ಷರ ಮೊದಲೇ ಬಂದು ಕೂರುತ್ತದೆ. 56 ಅಕ್ಷರಗಳಾದ ಮೇಲೆ, ಅಂದರೆ ಏಳು ಆವರ್ತನ ಮುಗಿದಾಗ, ಎರಡೂ ಸಮದಲ್ಲಿ ಸೇರುತ್ತವೆ. ಫೀಡ್‌ಬ್ಯಾಕ್ ಅರ್ಧಕ್ಕಿಂತ ಸ್ವಲ್ಪ ಮೇಲಿದ್ದರೆ ಸಾಕು, ಒಂದು ಸರಳ ಸ್ವರಗುಚ್ಛ ತನ್ನಷ್ಟಕ್ಕೇ ಹೆಣೆದುಕೊಳ್ಳುತ್ತದೆ. 120ರ ವೇಗದಲ್ಲಿ ಏಳು ಅಕ್ಷರ ಎಂದರೆ ಮೂರೂವರೆ ಸೆಕೆಂಡ್. ಬಕೆಟ್ ಬ್ರಿಗೇಡ್ ಚಿಪ್‌ಗಳು ಇಲ್ಲಿ ಕೈಚೆಲ್ಲುತ್ತವೆ, ಡಿಎಲ್‌ಡಿಯಂತಹದ್ದೇ ಆಗಬೇಕು.

ಇಂಟೆಲಿಜೆಲ್‌ನ ರೇನ್‌ಮೇಕರ್‌ಗೆ 16 ಟ್ಯಾಪ್‌ಗಳು, ಅಂದರೆ ಡಿಲೇಯಿಂದ ಧ್ವನಿ ಹೊರಬರುವ 16 ಜಾಗಗಳು. ಪ್ರತಿಯೊಂದಕ್ಕೂ ತನ್ನದೇ ಫಿಲ್ಟರ್, ತನ್ನದೇ ಶ್ರುತಿ ಬದಲಾವಣೆ, ಜೊತೆಗೆ ಬೇರೆಯಾಗಿ ಕೋಂಬ್ ರೆಸೊನೇಟರ್ (ಮೇಲೆ ಹೇಳಿದ ತಂತಿಯಂತೆ ಮೊಳಗುವ ಭಾಗ). ಒಂದೇ ಹೊಡೆತದಿಂದ ಇಡೀ ತಾಳವಾದ್ಯದ ಸಾಲು ಹೊರಬರುತ್ತದೆ. ಶಕ್ತಿ ಅಪಾರ, ಆದರೆ ಮೆನು ಹೊಕ್ಕು ಹೊರಬರುವುದೇ ಒಂದು ಕೆಲಸ. ವೇದಿಕೆಯ ಮೇಲೆ ನುಡಿಸುವವರಿಗೆ ನಾನು ಇದನ್ನು ಹೇಳಲಾರೆ. ಗಾತ್ರವೂ 36 ಎಚ್‌ಪಿ (ಮಾಡ್ಯೂಲ್‌ನ ಅಗಲದ ಅಳತೆ). 84 ಎಚ್‌ಪಿಯ ಒಂದು ಸಾಲಿನ ಕೇಸ್ ಇದ್ದವರಿಗೆ ಅರ್ಧದ ಹತ್ತಿರ ಹೋಯಿತು. ಅದೇ ಜಾಗದಲ್ಲಿ 16 ಎಚ್‌ಪಿಯ ಮಿಮಿಯೋಫೋನ್ ಮತ್ತು 20 ಎಚ್‌ಪಿಯ ಎರ್ಬ್‌ವರ್ಬ್ ಎಂಬ ರಿವರ್ಬ್ ಎರಡೂ ಕೂರುತ್ತವೆ.

ಗ್ರ್ಯಾನ್ಯುಲರ್, ಅಂದರೆ ಧ್ವನಿಯನ್ನು ಚೂರು ಚೂರು ಮಾಡಿ ಮತ್ತೆ ಹರಡುವ ಬಗೆಯ ಬಗ್ಗೆ ಎರಡೇ ಮಾತು. ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ 2022ರಲ್ಲಿ ಬಾಗಿಲು ಹಾಕಿದರೂ ಅದರ ಕ್ಲೌಡ್ಸ್ ಮಾಡ್ಯೂಲ್‌ನ ವಿನ್ಯಾಸ ಮುಕ್ತವಾಗಿದ್ದರಿಂದ ಚಿಕ್ಕ ಗಾತ್ರದ ನಕಲುಗಳು ಬೇರೆ ತಯಾರಕರಿಂದ ಸಿಗುತ್ತಲೇ ಇವೆ. ಏನು ಹಾಕಿದರೂ ತೇಲುವ, ಮಸುಕಾದ ಇಂಪು ಬರುತ್ತದೆ. ಅದೇ ಅದರ ತೊಂದರೆ ಕೂಡ: ಎಲ್ಲರ ಸಂಗೀತವೂ ಒಂದೇ ಥರ ಕೇಳತೊಡಗುತ್ತದೆ. ಅದರ ‘ಫ್ರೀಜ್’ ಜ್ಯಾಕ್‌ಗೆ ತಾಳದ ಗೇಟ್ (ಆನ್-ಆಫ್ ವೋಲ್ಟೇಜ್) ಕೊಟ್ಟು, ಹಿಡಿದ ಧ್ವನಿಯ ಚೂರನ್ನು ಲಯಕ್ಕೆ ಸರಿಯಾಗಿ ಬಿಟ್ಟು ಹಿಡಿದು ಮಾಡಿದರೆ ಹೊಸದೇನಾದರೂ ಸಿಗುತ್ತದೆ.

ಫೀಡ್‌ಬ್ಯಾಕ್ ದಾರಿ ತೆರೆದಿದೆಯೇ?

ನನ್ನ ಮಟ್ಟಿಗೆ ಇಡೀ ಆಯ್ಕೆ ನಿಲ್ಲುವುದು ಈ ಪ್ರಶ್ನೆಯ ಮೇಲೆ. ಡಿಎಲ್‌ಡಿಯಲ್ಲಿ ಫೀಡ್‌ಬ್ಯಾಕನ್ನು ಹೊರಗೆ ಕಳಿಸಿ ಮರಳಿ ಪಡೆಯುವ ಸೆಂಡ್ ಮತ್ತು ರಿಟರ್ನ್ ಜ್ಯಾಕ್‌ಗಳಿವೆ. ಡೋಪ್ಫರ್‌ನ ಡಿಲೇಯಲ್ಲೂ ಸ್ಪ್ರಿಂಗ್ ರಿವರ್ಬ್‌ನಲ್ಲೂ ಹೊರಗಿನಿಂದ ಫೀಡ್‌ಬ್ಯಾಕ್ ಕೊಡಬಹುದು. ಇಂತಹ ಜ್ಯಾಕ್ ಇಲ್ಲದ ಮಾಡ್ಯೂಲ್‌ನಲ್ಲೂ ಒಂದು ಮಿಕ್ಸರ್ ಇದ್ದರೆ ದಾರಿ ಮಾಡಿಕೊಳ್ಳಬಹುದು: ಒಳಗಿನ ಫೀಡ್‌ಬ್ಯಾಕ್ ಶೂನ್ಯಕ್ಕಿಳಿಸಿ, ಡಿಲೇಯನ್ನು ಪೂರ್ತಿ ‘ವೆಟ್’ ಮಾಡಿ (ಮೂಲ ಧ್ವನಿ ಹೊರಬಾರದಂತೆ), ಹೊರಬಂದದ್ದನ್ನು ಮಿಕ್ಸರ್‌ನ ಇನ್ನೊಂದು ಚಾನೆಲ್ ಮೂಲಕ ಮರಳಿ ಒಳಗೆ ಬಿಡಿ.

ಆ ದಾರಿಯಲ್ಲಿ ಏನಿಡಬೇಕು? ಮೊದಲು ಒಂದು ವಿಸಿಎ (ವೋಲ್ಟೇಜಿನಿಂದ ಧ್ವನಿಯ ಮಟ್ಟ ಏರಿಳಿಸುವ ಮಾಡ್ಯೂಲ್) ಇಡಿ. ಒಮ್ಮೆ ಏರಿ ಇಳಿಯುವ ವೋಲ್ಟೇಜಾದ ಎನ್ವಲಪ್‌ನಿಂದ ಅದನ್ನು ತೆರೆದು ಮುಚ್ಚಿದರೆ ಆಯ್ದ ಸ್ವರ ಮಾತ್ರ ನೂರು ಸಲ ಮರಳುತ್ತದೆ, ಉಳಿದವು ಒಂದೇ ಸಲಕ್ಕೆ ಮುಗಿಯುತ್ತವೆ. ಜಮೈಕಾದ ಡಬ್ ಸಂಗೀತದ ಧ್ವನಿ ತಂತ್ರಜ್ಞ ಕಿಂಗ್ ಟಬ್ಬಿ 1970ರ ದಶಕದಲ್ಲಿ ಮಿಕ್ಸಿಂಗ್ ಬೋರ್ಡ್ ಮುಂದೆ ನಿಂತು ಕೈಯಿಂದ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಒಂದು ಸೀಕ್ವೆನ್ಸರ್‌ಗೆ ವಹಿಸಬಹುದು. ಲೋಪಾಸ್ ಫಿಲ್ಟರ್ ಇಟ್ಟರೆ ಪ್ರತಿ ಸುತ್ತಿಗೂ ಧ್ವನಿ ಮಬ್ಬಾಗುತ್ತದೆ, ಕೆಳಗಿನ ಕಂಪನಾಂಕಗಳನ್ನು ತಡೆಯುವ ಹೈಪಾಸ್ ಆದರೆ ತೆಳುವಾಗುತ್ತದೆ. ಇನ್ವರ್ಟರ್ ಇಟ್ಟು ಫೀಡ್‌ಬ್ಯಾಕನ್ನು ತಲೆಕೆಳಗು ಮಾಡಿದರೆ ಚಿಕ್ಕ ಡಿಲೇಯ ತಂತಿ ಒಂದು ಸ್ಥಾಯಿ ಕೆಳಗಿಳಿದು, ಬೆಸ ಹಾರ್ಮೋನಿಕ್‌ಗಳು ಮಾತ್ರ ಉಳಿದು ಕ್ಲಾರಿನೆಟ್‌ನ ಪೊಳ್ಳುತನ ಬರುತ್ತದೆ. ಯಾರೂ ಹೆಚ್ಚು ಬಳಸದ, ಬಿಟ್ಟಿಯಾಗಿ ಸಿಗುವ ಬಣ್ಣ ಅದು. ರಿವರ್ಬನ್ನೇ ಡಿಲೇಯ ಫೀಡ್‌ಬ್ಯಾಕ್‌ನಲ್ಲಿ ಇಟ್ಟರೆ ಮೊದಲ ಪ್ರತಿಧ್ವನಿ ಸ್ಪಷ್ಟ, ಎರಡನೆಯದು ತುಸು ದೂರ, ಐದನೆಯದು ಎಲ್ಲೋ ಕಣಿವೆಯಾಚೆ. ಇದಕ್ಕೆ ದುಬಾರಿ ರಿವರ್ಬ್ ಬೇಡ. ಒಂದೆರಡು ಸುತ್ತಾದ ಮೇಲೆ ಅಗ್ಗ ಯಾವುದು, ದುಬಾರಿ ಯಾವುದು ಎಂದು ಕಿವಿ ಗುರುತಿಸದು. ಕೊನೆಯಲ್ಲಿ ಧ್ವನಿ ಮಿತಿಮೀರದಂತೆ ತಡೆಯುವ ಒಂದು ಲಿಮಿಟರ್ ಇರಲಿ. ಯೂರೋರ‍್ಯಾಕ್ ಸಿಗ್ನಲ್ 10 ವೋಲ್ಟ್‌ವರೆಗೆ ತೂಗುವಂಥದ್ದು, ಸ್ಪೀಕರಿಗೂ ಕಿವಿಗೂ ಒಂದೇ ಜೊತೆ ಇರುವುದು.

ರಿವರ್ಬ್: ಸ್ಪ್ರಿಂಗ್ ಅಥವಾ ಡಿಜಿಟಲ್

ಸ್ಪ್ರಿಂಗ್ ರಿವರ್ಬ್ ಕೋಣೆಯನ್ನು ಅನುಕರಿಸುವುದಿಲ್ಲ, ಅನುಕರಿಸುತ್ತದೆ ಎಂದು ನಂಬುವವರೂ ಇಲ್ಲ. ಲೋಹದ ಸುರುಳಿಯಲ್ಲಿ ಬೇರೆ ಬೇರೆ ಕಂಪನಾಂಕಗಳು ಬೇರೆ ಬೇರೆ ವೇಗದಲ್ಲಿ ಸಾಗುವುದರಿಂದ ಚೂಪಾದ ಸದ್ದು ಹೋದರೆ ‘ಟೊಂಯ್’ ಎಂದು ಬಾಗಿ ಬರುತ್ತದೆ. ಡೋಪ್ಫರ್ ಎ-199 ಈ ಬಗೆಯದು. ಇದರಲ್ಲಿ ಕೋಣೆಯ ಗಾತ್ರವಿಲ್ಲ, ವೋಲ್ಟೇಜಿನಿಂದ ಅಲುಗಾಡಿಸಲು ಹೆಚ್ಚೇನೂ ಇಲ್ಲ. ಆದರೂ ತಾಳವಾದ್ಯಗಳಿಗೆ ನನ್ನ ಮೊದಲ ಆಯ್ಕೆ ಇದೇ. ಬರೀ ಟ್ರಿಗರ್ ಪಲ್ಸ್ ಕಳಿಸಿ ನೋಡಿ, ಸ್ಪ್ರಿಂಗ್ ತಾನೇ ಒಂದು ವಾದ್ಯವಾಗುತ್ತದೆ. ಟ್ಯಾಂಕನ್ನು (ಸ್ಪ್ರಿಂಗ್ ಇರುವ ಪೆಟ್ಟಿಗೆ) ಬೆರಳಿನಿಂದ ತಟ್ಟಿದರೆ ಗುಡುಗು. ಟಬ್ಬಿಯ ಹೆಸರಿನೊಂದಿಗೆ ಅಂಟಿಕೊಂಡಿರುವ ಗುಡುಗು ಅದೇ.

ವೋಲ್ಟೇಜ್ ಜ್ಯಾಕ್‌ಗಳ ಕೊರತೆಯನ್ನು ಎರಡು ವಿಸಿಎ ತುಂಬುತ್ತವೆ. ರಿವರ್ಬ್‌ನ ಮುಂದೆ ವಿಸಿಎ ಇಟ್ಟು ಮುಚ್ಚಿದರೆ ಒಳಹೋಗುವುದು ನಿಂತರೂ ಬಾಲ ಮೊಳಗುತ್ತಲೇ ಇರುತ್ತದೆ. ಹಿಂದೆ ಇಟ್ಟು ಮುಚ್ಚಿದರೆ ಬಾಲ ಕತ್ತರಿಸಿ ಬೀಳುತ್ತದೆ. ಮೂಲ ಧ್ವನಿಯ ಎನ್ವಲಪನ್ನು ತಲೆಕೆಳಗು ಮಾಡಿ ಹಿಂದಿನ ವಿಸಿಎಗೆ ಕೊಟ್ಟರೆ ಸ್ವರ ನುಡಿಯುವಾಗ ರಿವರ್ಬ್ ತಗ್ಗಿ, ನಡುವಿನ ಬಿಡುವಿನಲ್ಲಿ ಉಬ್ಬುತ್ತದೆ. ರಿವರ್ಬ್ ಹಾಕಿದರೆ ಎಲ್ಲ ಕಲಸುಮೇಲೋಗರವಾಗುತ್ತದೆ ಎಂದು ದೂರುವವರು ಇದನ್ನು ಒಮ್ಮೆ ಮಾಡಿ ನೋಡಬೇಕು.

ಡಿಜಿಟಲ್ ಕಡೆ ಎರಡು ತುದಿಗಳಿವೆ. ಹ್ಯಾಪಿ ನರ್ಡಿಂಗ್‌ನ ಎಫ್‌ಎಕ್ಸ್ ಏಡ್ ಎಂಬ ಪುಟ್ಟ ಮಾಡ್ಯೂಲ್‌ಗೆ ಬೇಕಾದ 32 ಪ್ರೋಗ್ರಾಂಗಳನ್ನು ಆರಿಸಿ ತುಂಬಬಹುದು. ಹಲವು ಪೆಡಲ್‌ಗಳಲ್ಲಿರುವ ಎಫ್‌ವಿ-1 ಚಿಪ್ಪೇ ಇದರ ಜೀವ. ಆ ಚಿಪ್‌ನ ನೆನಪು ಸುಮಾರು ಒಂದು ಸೆಕೆಂಡ್ ಅಷ್ಟೇ, ಆದ್ದರಿಂದ ಉದ್ದದ ಡಿಲೇ ನಿರೀಕ್ಷಿಸಬೇಡಿ. ಜಾಗ ಕಡಿಮೆ, ಹಣ ಕಡಿಮೆ, ಎಲ್ಲದರ ರುಚಿ ನೋಡಬೇಕು ಎನ್ನುವವರಿಗೆ ಕಣ್ಣು ಮುಚ್ಚಿ ಹೇಳಬಹುದಾದದ್ದು ಇದು. ಇನ್ನೊಂದು ತುದಿಯಲ್ಲಿ ಟಾಮ್ ಎರ್ಬ್ ಮತ್ತು ಮೇಕ್ ನಾಯ್ಸ್ ಸೇರಿ ಮಾಡಿದ ಎರ್ಬ್‌ವರ್ಬ್. ಅದರಲ್ಲಿ ಹಾಲ್, ಪ್ಲೇಟ್ ಎಂಬ ಸಿದ್ಧ ಹೆಸರುಗಳೇ ಇಲ್ಲ. ಗಾತ್ರ, ಕ್ಷಯ, ಹೀರಿಕೆ ಎಲ್ಲವೂ ನಾಬ್‌ಗಳು, ಬಹುತೇಕ ಎಲ್ಲಕ್ಕೂ ವೋಲ್ಟೇಜ್. ಗಾತ್ರವನ್ನು ತೀರ ಚಿಕ್ಕದು ಮಾಡಿ ಕ್ಷಯವನ್ನು ಮಿತಿಮೀರಿ ಏರಿಸಿದರೆ ರಿವರ್ಬ್ ಮುಗಿಯುವುದೇ ಇಲ್ಲ, ತಾನೇ ಹಾಡತೊಡಗುತ್ತದೆ. ಆಮೇಲೆ ಗಾತ್ರದ ಜ್ಯಾಕ್‌ಗೆ ನಿಧಾನದ ವೋಲ್ಟೇಜ್ ಕೊಟ್ಟರೆ ಗೋಡೆಗಳು ಹತ್ತಿರ ಬಂದು ದೂರ ಸರಿಯುತ್ತವೆ, ಶ್ರುತಿಯೂ ಜೊತೆಗೆ ವಾಲುತ್ತದೆ. ಹಿನ್ನೆಲೆಯಲ್ಲಿ ಸುಮ್ಮನಿರುವ ರಿವರ್ಬ್ ಬೇಕಾದವರಿಗೆ ಇದು ಬೇಡ. ಇದು ಮುಂದೆ ಬಂದು ನಿಲ್ಲುವ ಸ್ವಭಾವದ್ದು.

ಶಿಮ್ಮರ್ ಇದೆಯೇ ಎಂದು ನೋಡಿ ರಿವರ್ಬ್ ಕೊಳ್ಳುವವರು ಬಹಳ. ಫೀಡ್‌ಬ್ಯಾಕ್‌ನಲ್ಲಿ ಧ್ವನಿಯನ್ನು ಒಂದು ಸ್ಥಾಯಿ ಮೇಲೇರಿಸುವುದು, ಅಷ್ಟೇ ಅದರ ಗುಟ್ಟು. ಸ್ಥಾಯಿಯ ಬದಲು ಪಂಚಮಕ್ಕೆ ಏರಿಸಿದರೆ ಪ್ರತಿ ಸುತ್ತಿಗೂ ಹೊಸ ಸ್ವರ ಸೇರುತ್ತ ರಾಗವೇ ತಪ್ಪಿಹೋಗುತ್ತದೆ. ನನಗೆ ಆ ತಪ್ಪೇ ಹೆಚ್ಚು ಇಷ್ಟ.

ಪೆಡಲ್ ಮತ್ತು ಕಂಪ್ಯೂಟರ್

ಮನೆಯಲ್ಲಿ ಗಿಟಾರ್ ಪೆಡಲ್ ಇದ್ದರೆ ಸಿಗ್ನಲ್ಲನ್ನು ಚೆನ್ನಾಗಿ ತಗ್ಗಿಸಿ ಕಳಿಸಿ, ಬಂದದ್ದನ್ನು ಮತ್ತೆ ಏರಿಸಿಕೊಳ್ಳಿ. ಇಂಪಿಗೆ ಕೊರತೆಯಿಲ್ಲ, ನಾಬ್‌ಗಳನ್ನು ಮಾತ್ರ ಕೈಯಿಂದಲೇ ತಿರುಗಿಸಬೇಕು. ಕಂಪ್ಯೂಟರಿನ ಪ್ಲಗಿನ್‌ಗಳನ್ನು ಎಕ್ಸ್‌ಪರ್ಟ್ ಸ್ಲೀಪರ್ಸ್‌ನ ಇಎಸ್-8ರಂತಹ ಇಂಟರ್‌ಫೇಸ್ ಮೂಲಕ ರ‍್ಯಾಕಿಗೆ ಸೇರಿಸಬಹುದು. ರಿವರ್ಬ್‌ಗೆ ಇದು ಸೊಗಸು. ಫೀಡ್‌ಬ್ಯಾಕ್ ದಾರಿಗೆ ಮಾತ್ರ ಸಲ್ಲದು: 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್‌ಗಳ ಬಫರ್ (ಕಂಪ್ಯೂಟರ್ ಒಮ್ಮೆಗೆ ಸಂಗ್ರಹಿಸುವ ಧ್ವನಿಯ ತುಂಡು) ಎಂದರೆ ಒಂದು ಕಡೆಗೇ 2.7 ಮಿಲಿಸೆಕೆಂಡ್, ಹೋಗಿ ಬರುವಷ್ಟರಲ್ಲಿ ಐದು ದಾಟುತ್ತದೆ, ಮೇಲಿನ ಸ್ಥಾಯಿಯ ತಂತಿಗಳೆಲ್ಲ ಕೈತಪ್ಪುತ್ತವೆ.

ಇನ್ನೂ ಏನೂ ಕೊಳ್ಳದವರು ಮೊದಲು ಕಂಪ್ಯೂಟರಿನಲ್ಲೇ ಮಾಡ್ಯುಲರ್ ಕಟ್ಟಲು ಬಿಡುವ ತಂತ್ರಾಂಶ ವಿಸಿವಿ ರ‍್ಯಾಕ್ ಇಳಿಸಿಕೊಳ್ಳಲಿ. ಅದರ ಉಚಿತ ಆವೃತ್ತಿಯೇ ಧಾರಾಳ. ಕ್ಲೌಡ್ಸ್ ಅಲ್ಲಿ ‘ಟೆಕ್ಸ್ಚರ್ ಸಿಂಥಸೈಜರ್’ ಎಂಬ ಹೆಸರಿನಲ್ಲಿ ಇದೆ. ವ್ಯಾಲಿ ಎಂಬ ತಯಾರಕರ ಪ್ಲಾಟೋ ಎಂಬ ಪ್ಲೇಟ್ ರಿವರ್ಬ್ ಎಷ್ಟು ಚೆನ್ನಾಗಿದೆಯೆಂದರೆ ಅದನ್ನು ಬಿಟ್ಟು ಹಣ ಕೊಡಲು ಮನಸ್ಸು ಬರುವುದಿಲ್ಲ. ಕೇಬಲ್‌ಗಳಲ್ಲಿ ವಿಳಂಬ ಒಂದೇ ಸ್ಯಾಂಪಲ್ ಆದ್ದರಿಂದ ಮೇಲೆ ಹೇಳಿದ ತಂತಿ, ತಂಬೂರಿ, ತಲೆಕೆಳಗಿನ ಫೀಡ್‌ಬ್ಯಾಕ್ ಎಲ್ಲವನ್ನೂ ಅಲ್ಲೇ ಪರೀಕ್ಷಿಸಬಹುದು. ಅಲ್ಲಿ ನಿಮ್ಮ ಕೈ ಪದೇ ಪದೇ ಯಾವ ಜ್ಯಾಕ್‌ಗೆ ಹೋಗುತ್ತದೆಂದು ಗಮನಿಸಿ, ಆ ಜ್ಯಾಕ್ ಇರುವ ಮಾಡ್ಯೂಲನ್ನು ಕೊಳ್ಳಿ.

ಆರ್ಡರ್ ಮಾಡುವ ಮುನ್ನ ಕೇಸಿನ ಪವರ್ ಸಪ್ಲೈ ಎಷ್ಟು ಮಿಲಿಆಂಪಿಯರ್ ಕೊಡುತ್ತದೆಂದು ಕೂಡಿಸಿ ನೋಡಿ. ಡಿಜಿಟಲ್ ಮಾಡ್ಯೂಲ್‌ಗಳು +12 ವೋಲ್ಟ್ ಸಾಲಿನಿಂದ ಅನಲಾಗ್‌ಗಳಿಗಿಂತ ಬಹಳ ಹೆಚ್ಚು ಎಳೆಯುತ್ತವೆ. ಸ್ಪ್ರಿಂಗ್ ಕೊಂಡವರು ಟ್ಯಾಂಕನ್ನು ಟ್ರಾನ್ಸ್‌ಫಾರ್ಮರ್‌ನಿಂದ ಸಾಧ್ಯವಾದಷ್ಟು ದೂರದಲ್ಲಿ, ಕೇಸಿನ ಇನ್ನೊಂದು ತುದಿಯಲ್ಲಿ ಕೂರಿಸಿ. ಹತ್ತಿರವಿದ್ದರೆ ಮೊದಲು ಕೇಳುವುದು 50 ಹರ್ಟ್ಸ್‌ನ ಗುಂಯ್‌ಗುಡುವಿಕೆ.